ಆಲ್ಫಾ 156: ಒಂದೇ ಮೈ, ಮೂರು ಇಂಜಿನ್, ಯಾವುದು ಕೊಳ್ಳೋದು?

ಹಳೆಯ ಆಲ್ಫಾ ರೋಮಿಯೋ 156 ಕೊಳ್ಳಬೇಕು ಅಂತ ಆಸೆಪಟ್ಟವರು ಮೊದಲು ಕೇಳುವುದು "ನಂಬಬಹುದಾ ಈ ಗಾಡೀನ?" ಅಂತ. ಅದಕ್ಕಿಂತ ಮೊದಲು ಕೇಳಬೇಕಾದವು ಎರಡು: ಒಳಗಿರುವುದು ಯಾವ ಇಂಜಿನ್? ಟೈಮಿಂಗ್ ಬೆಲ್ಟ್ (ವಾಲ್ವ್‌ಗಳನ್ನು ಪಿಸ್ಟನ್ನಿನ ಓಟಕ್ಕೆ ಹೊಂದಿಸಿ ತಿರುಗಿಸುವ ಪಟ್ಟಿ) ಕೊನೆಯ ಸಲ ಬದಲಾಗಿದ್ದು ಯಾವಾಗ? "ಇಟಲಿ ಕಾರು ಅಂದ್ರೆ ಗ್ಯಾರೇಜೇ ಗತಿ" ಅನ್ನುವ ಮಾತಿನಲ್ಲಿ ಅರ್ಧಕ್ಕರ್ಧ ಹುಟ್ಟಿದ್ದು ಈ ಎರಡು ಪ್ರಶ್ನೆ ಕೇಳದೆ ಕೊಂಡವರಿಂದ.

156 ಬಂದದ್ದು 1997ರಲ್ಲಿ. 1998ರ ಯುರೋಪಿನ ವರ್ಷದ ಕಾರು ಇದೇ. ವಾಲ್ಟರ್ ಡ ಸಿಲ್ವಾ ಕೈಯ ವಿನ್ಯಾಸ: ಹಿಂಬಾಗಿಲ ಹಿಡಿಕೆ ಕಿಟಕಿಯ ಅಂಚಿನಲ್ಲಿ ಅಡಗಿದೆ, ನಂಬರ್ ಪ್ಲೇಟು ಪಕ್ಕಕ್ಕೆ ಸರಿದು ಮುಂದಿನ ತ್ರಿಕೋನದ ಗ್ರಿಲ್ಲಿಗೆ ಜಾಗ ಬಿಟ್ಟಿದೆ. ಇವತ್ತಿಗೂ ಕಣ್ಣು ತಿರುಗಿಸಿ ನೋಡುವಂತಿದೆ. ಇಲ್ಲಿ ಹೋಲಿಸುತ್ತಿರುವುದು 2.0 ಟ್ವಿನ್ ಸ್ಪಾರ್ಕ್ ಪೆಟ್ರೋಲ್, ಆರು ಸಿಲಿಂಡರಿನ 2.5 ವಿ6 ಪೆಟ್ರೋಲ್ ಮತ್ತು 1.9 ಜೆಟಿಡಿ ಡೀಸೆಲ್, ಮೂರೂ ಮ್ಯಾನ್ಯುವಲ್ ಗೇರಿನವು.

ಓಡಿಸಲು ಟ್ವಿನ್ ಸ್ಪಾರ್ಕ್‌ನಷ್ಟು ಹಗುರಾದದ್ದು ಇನ್ನೊಂದಿಲ್ಲ. ಸ್ಟಿಯರಿಂಗ್ ಈ ತುದಿಯಿಂದ ಆ ತುದಿಗೆ ಎರಡು ಸುತ್ತಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಮೂಗಿನ ಮೇಲೆ ಭಾರ ಕಡಿಮೆ ಇರುವುದರಿಂದ ತಿರುವಿನಲ್ಲಿ ಮಣಿಕಟ್ಟು ಅಲುಗಿಸಿದರೂ ಕಾರು ಒಳಗೆ ಬರುತ್ತದೆ. 155 ಕುದುರೆಶಕ್ತಿ, ಒಂದೊಂದು ಸಿಲಿಂಡರಿಗೆ ಎರಡೆರಡು ಸ್ಪಾರ್ಕ್ ಪ್ಲಗ್. ಆದರೆ ಮೂರರಲ್ಲಿ ಅತಿ ಹೆಚ್ಚು ಆರೈಕೆ ಕೇಳುವುದೂ ಇದೇ. ಬೆಲ್ಟನ್ನು 1,20,000 ಕಿ.ಮೀ.ಗೆ ಬದಲಿಸಿದರೆ ಸಾಕು ಅಂತ ಮೊದಲು ಹೇಳಲಾಗಿತ್ತು. ಆ ಗಡುವು ನಂಬಿದ ಎಷ್ಟೋ ಇಂಜಿನ್‌ಗಳು ಅರ್ಧ ದಾರಿಯಲ್ಲೇ ಹೋದವು. ಬೆಲ್ಟ್ ಹರಿದರೆ ಅಥವಾ ಹಲ್ಲು ಜಾರಿದರೆ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯುತ್ತದೆ, ಇಂಜಿನ್ನಿನ ಮೇಲ್ಭಾಗ (ಹೆಡ್) ಬಿಚ್ಚದೆ ಗತ್ಯಂತರವಿಲ್ಲ. 60,000 ಕಿ.ಮೀ. ಇಲ್ಲವೇ ಮೂರು ವರ್ಷ, ಯಾವುದು ಮೊದಲು ಬರುತ್ತದೋ ಅದನ್ನೇ ಹಿಡಿಯಿರಿ.

ಬದಲಿಸುವಾಗ ಅರೆಬರೆ ಮಾಡಬೇಡಿ. ಟೈಮಿಂಗ್ ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ಇಂಜಿನ್ನಿನ ನಡುಕ ತಗ್ಗಿಸುವ ಬ್ಯಾಲೆನ್ಸ್ ಶಾಫ್ಟಿನ ಎರಡನೇ ಬೆಲ್ಟ್, ವಾಟರ್ ಪಂಪ್ ಎಲ್ಲ ಒಟ್ಟಿಗೆ ಆಗಬೇಕು. ಇನ್‌ಟೇಕ್ ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ತುದಿಯಲ್ಲಿದ್ದು ವಾಲ್ವ್ ತೆರೆಯುವ ಹೊತ್ತು ಹೊಂದಿಸುವ ವೇರಿಯೇಟರ್ ಕೂಡ ಅದೇ ಸಲ ಹೊಸದಾಗಲಿ. ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿದಾಗ ಡೀಸೆಲ್ ಗಾಡಿಯ ಹಾಗೆ ಕಟಕಟ ಅಂದು, ಆಯಿಲ್ ಏರಿದ ಮೇಲೆ ಸದ್ದಡಗಿದರೆ ವೇರಿಯೇಟರ್ ಸವೆದಿದೆ ಅಂತ ಲೆಕ್ಕ. ಕ್ಯಾಮ್‌ಗಳನ್ನು ಕೂರಿಸಲು ಕ್ಯಾಪ್ ತೆಗೆದು ಅಲ್ಲಿ ಲಾಕಿಂಗ್ ಟೂಲ್ ಬಿಗಿಯಬೇಕು, ಪಿಸ್ಟನ್ ತುತ್ತತುದಿಗೆ ಬಂದಿದೆಯೇ ಅಂತ ಪ್ಲಗ್ ತೂತಿನಲ್ಲಿ ಡಯಲ್ ಗೇಜ್ ಇಳಿಸಿ ನೋಡಬೇಕು. ಪೇಂಟಿನಲ್ಲಿ ಗುರುತು ಹಾಕಿ ಕೆಲಸ ಮುಗಿಸುವ ಮೆಕ್ಯಾನಿಕ್ ಕೈಗೆ ಈ ಇಂಜಿನ್ ಕೊಡಲೇಬಾರದು.

ಆಯಿಲ್ ವಿಷಯವೂ ಅಷ್ಟೇ ಮುಖ್ಯ. ಟ್ವಿನ್ ಸ್ಪಾರ್ಕ್ ಆಯಿಲ್ ಕುಡಿಯುತ್ತದೆ, ಅದು ಕಾಯಿಲೆಯಲ್ಲ, ಸ್ವಭಾವ. ಕಾಯಿಲೆ ಬರುವುದು ಡಿಪ್‌ಸ್ಟಿಕ್ ನೋಡದಿದ್ದಾಗ: ಮಟ್ಟ ಇಳಿದಿರುವಾಗ ಜೋರಾಗಿ ತಿರುವು ಹೊಡೆದರೆ ಕನೆಕ್ಟಿಂಗ್ ರಾಡಿನ ಬೇರಿಂಗ್‌ಗೆ ಆಯಿಲ್ ಸಿಗದೆ ಸುಡುತ್ತದೆ. ಸಾವಿರ ಕಿ.ಮೀ.ಗೊಮ್ಮೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಪರೀಕ್ಷಿಸಿ.

2.5 ವಿ6 ಬೇರೆಯೇ ಲೋಕ. ಜುಸೆಪ್ಪೆ ಬುಸ್ಸೊ ರೂಪಿಸಿದ, 1979ರಲ್ಲಿ ಆಲ್ಫಾ 6ರಲ್ಲಿ ಮೊದಲು ಬಂದು 2005ರವರೆಗೆ ತಯಾರಾದ ವಂಶ ಇದು. ಬಾನೆಟ್ ಎತ್ತಿದರೆ ಆರು ಕ್ರೋಮ್ ಕೊಳವೆಗಳು ಸಾಲಾಗಿ ಬಾಗಿ ನಿಂತಿರುತ್ತವೆ. ಮುಚ್ಚಳ ಹಾಕಿ ಮರೆಮಾಡದೆ ಇಂಜಿನ್ನನ್ನೇ ನೋಡಲಿ ಅಂತ ಮಾಡಿದವರ ಪ್ರೀತಿ ಅದರಲ್ಲಿ ಕಾಣುತ್ತದೆ. 190 ಕುದುರೆಶಕ್ತಿ, ಆರು ಗೇರು. 4,000 ಆರ್‌ಪಿಎಂ ದಾಟಿದ ಮೇಲೆ ಬರುವ ನಾದಕ್ಕಾಗಿಯೇ ಇದನ್ನು ಕೊಳ್ಳುವವರಿದ್ದಾರೆ, ಅವರನ್ನು ತಪ್ಪು ಅನ್ನಲಾಗದು. ಇಂಜಿನ್ನಿನ ಒಳಭಾಗ ಟ್ವಿನ್ ಸ್ಪಾರ್ಕ್‌ಗಿಂತ ಗಟ್ಟಿ. ತೊಂದರೆ ಕೊಡುವುದು ಸುತ್ತಲಿನ ಸಾಮಾನು. ವಾಟರ್ ಪಂಪಿನ ಪ್ಲಾಸ್ಟಿಕ್ ರೆಕ್ಕೆ ಬಿರುಕು ಬಿಟ್ಟು ಶಾಫ್ಟಿನ ಮೇಲೆ ಸುಮ್ಮನೆ ಜಾರುತ್ತದೆ, ಇಂಜಿನ್ ವಿಪರೀತ ಬಿಸಿಯಾಗುತ್ತದೆ. ಪಂಪ್ ಬೆಲ್ಟಿನ ಹಿಂದೆ ಇರುವುದರಿಂದ ಬೆಲ್ಟ್ ಜೊತೆಗೇ ಲೋಹದ ರೆಕ್ಕೆಯದು ಹಾಕಿಸಿ. ವಾಲ್ವ್ ಕವರಿನ ಗ್ಯಾಸ್ಕೆಟ್ ಸೋರಿ ಆಯಿಲ್ ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಸುಟ್ಟ ವಾಸನೆ ಬರುತ್ತದೆ. ಹಿಂದಿನ ಮೂರು ಪ್ಲಗ್ ಬದಲಿಸಲು ಆ ಚೆಂದದ ಕೊಳವೆಗಳನ್ನೇ ಬಿಚ್ಚಬೇಕು, ಕೂಲಿ ಏರುವುದು ಅಲ್ಲೇ. 100 ಕಿ.ಮೀ.ಗೆ 12 ಲೀಟರ್ ಆಸುಪಾಸು ಪೆಟ್ರೋಲ್ ಬೇಕು. ಮೂಗು ಭಾರ, ಬಿಗಿ ತಿರುವಿನಲ್ಲಿ ಅದು ಗೊತ್ತಾಗುತ್ತದೆ.

1.9 ಜೆಟಿಡಿ ಬಗ್ಗೆ ಹೇಳಲು ಹೆಚ್ಚಿಲ್ಲ, ಅದೇ ಅದರ ಗುಣ. ಕಾಮನ್ ರೈಲ್ (ಒಂದೇ ಕೊಳವೆಯಿಂದ ಎಲ್ಲ ಸಿಲಿಂಡರಿಗೂ ಹೆಚ್ಚಿನ ಒತ್ತಡದಲ್ಲಿ ಇಂಧನ ಚಿಮ್ಮಿಸುವ) ಡೀಸೆಲ್ಲನ್ನು ಮಾರುಕಟ್ಟೆಗೆ ತಂದ ಮೊದಲ ಕಾರು 156. ಮೊದಲಿನ 105 ಕುದುರೆಶಕ್ತಿಯ ಎಂಟು ವಾಲ್ವಿನದು ಸರಳ, ದಿನನಿತ್ಯದ ಓಡಾಟಕ್ಕೆ ಮೂರರಲ್ಲಿ ಇದೇ ಸರಿ. 2,000 ಆರ್‌ಪಿಎಂನಲ್ಲೇ 255 ನ್ಯೂಟನ್ ಮೀಟರ್ ಎಳೆತ. ಪಿಕಪ್ ಕುಂದಿದರೆ ಮೊದಲು ಟರ್ಬೊ ಹೋಸ್ ಸೀಳಿದೆಯೇ ನೋಡಿ, ಆಮೇಲೆ ಹೊಗೆಯ ಒಂದು ಭಾಗವನ್ನು ಇಂಜಿನ್ನಿಗೆ ಮರಳಿಸುವ ಇಜಿಆರ್ ವಾಲ್ವ್ ಬಿಚ್ಚಿ ಮಸಿ ತೆಗೆಸಿ. ನಂತರದ ಹದಿನಾರು ವಾಲ್ವಿನದರಲ್ಲಿ ಶಕ್ತಿ ಹೆಚ್ಚು, ಆದರೆ ಇನ್‌ಟೇಕಿನೊಳಗಿನ ಗಾಳಿಯನ್ನು ಸುಳಿಸುವ ಪುಟ್ಟ ರೆಕ್ಕೆಗಳು (ಸ್ವರ್ಲ್ ಫ್ಲಾಪ್) ಮಸಿ ಕಟ್ಟಿ ಸಿಕ್ಕಿಕೊಳ್ಳುತ್ತವೆ. ಹಾಡಿನಂಥ ಸದ್ದು ಮಾತ್ರ ಇದರಿಂದ ನಿರೀಕ್ಷಿಸಬೇಡಿ.

ಮೂರಕ್ಕೂ ಸಮಾನವಾದ ಕಾಟಗಳಿವೆ. ಮುಂದಿನ ಚಕ್ರವನ್ನು ಹಿಡಿದಿಡುವ ಮೇಲಿನ ತೋಳು (ವಿಶ್‌ಬೋನ್) ನೀರು ಸೇರಿ ಕೀಚ್ ಅನ್ನುತ್ತದೆ. ಗ್ರೀಸ್ ಚಿಮುಕಿಸಿ ಸಾಗಹಾಕಬೇಡಿ, ಎರಡೂ ಬದಿ ಬದಲಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿ, ಇಲ್ಲದಿದ್ದರೆ ಟೈರಿನ ಒಳಅಂಚು ಸವೆದು ಹೋಗುತ್ತದೆ. ಹೈವೇಯಲ್ಲಿ ಟೆಂಪರೇಚರ್ ಮುಳ್ಳು 90ರಿಂದ 70ಕ್ಕೆ ಇಳಿದರೆ ಥರ್ಮೋಸ್ಟಾಟ್ ತೆರೆದೇ ನಿಂತಿದೆ. ಐಡ್ಲಿಂಗ್ ಏರಿಳಿದು ಎಳೆತ ತಗ್ಗಿದರೆ ಇಂಜಿನ್ನಿಗೆ ಹೋಗುವ ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರಿನ ಪ್ಲಗ್ ಕಿತ್ತು ಓಡಿಸಿ ನೋಡಿ, ಸುಧಾರಿಸಿದರೆ ಸೆನ್ಸರೇ ಕಳ್ಳ. ಡ್ಯಾಶ್‌ಬೋರ್ಡಿನಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ದೀಪಗಳು ಹತ್ತಿಕೊಂಡರೆ ಕಂಪ್ಯೂಟರನ್ನು ಅನುಮಾನಿಸುವ ಮೊದಲು ಗೇರ್‌ಬಾಕ್ಸಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿಯ ತುಕ್ಕು ಉಜ್ಜಿಸಿ.

ಕ್ಲಚ್ ಪೆಡಲ್ ಇಲ್ಲದ, ತಾನೇ ಕ್ಲಚ್ ಒತ್ತಿ ಗೇರು ಬದಲಿಸುವ ಸೆಲೆಸ್ಪೀಡ್ ಗೇರಿನದನ್ನು, ಎಷ್ಟೇ ಅಗ್ಗವಾದರೂ, ಬಿಡಿ. ಕ್ಲಚ್ಚನ್ನೂ ಗೇರನ್ನೂ ಒತ್ತುವುದು ಹೈಡ್ರಾಲಿಕ್ ಪಂಪ್. ಅದರ ಒತ್ತಡ ಕೂಡಿಡುವ ಅಕ್ಯುಮುಲೇಟರ್ ಅದನ್ನು ಹಿಡಿಯದಾದಾಗ ಪಂಪ್ ಪದೇಪದೇ ಓಡಿ ಸುಡುತ್ತದೆ, ಕಾರು ಸಿಗ್ನಲ್ಲಿನಲ್ಲಿ ನ್ಯೂಟ್ರಲ್ಲಿಗೆ ಬಂದು ನಿಲ್ಲುತ್ತದೆ.

ಒಂದೇ ಕಾರು ಇಟ್ಟುಕೊಳ್ಳುವವರಿಗೆ ಎಂಟು ವಾಲ್ವಿನ ಜೆಟಿಡಿ. ಇನ್ನೊಂದು ಗಾಡಿ ಮನೆಯಲ್ಲಿದ್ದರೆ ಕಣ್ಣುಮುಚ್ಚಿ ವಿ6. ಟ್ವಿನ್ ಸ್ಪಾರ್ಕ್ ಬೇಕೇಬೇಕು ಅನ್ನುವವರು ಬೆಲ್ಟ್ ಬದಲಿಸಿದ ಬಿಲ್ಲಿನಲ್ಲಿ ತಾರೀಕು, ಕಿ.ಮೀ., ವೇರಿಯೇಟರ್ ಮೂರೂ ಬರೆದಿದೆಯೇ ನೋಡಿ. ಬಿಲ್ ಇಲ್ಲದಿದ್ದರೆ ಆ ಪೂರ್ತಿ ಕೆಲಸದ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಿ, ಕೊಂಡ ದಿನ ಸೀದಾ ಗ್ಯಾರೇಜಿಗೆ ಒಯ್ಯಿರಿ.