ಕನ್ನಡ ಶಾಲೆಯೋ, ಇಂಗ್ಲಿಷ್ ಮಾಧ್ಯಮವೋ?

ಮಗಳನ್ನು ಒಂದನೇ ಕ್ಲಾಸಿಗೆ ಊರಿನ ಕನ್ನಡ ಶಾಲೆಗೆ ಸೇರಿಸುವುದೋ, ಕೇರಳದ ನಮ್ಮ ಕಾಸರಗೋಡು ಪೇಟೆಯ ಖಾಸಗಿ ಇಂಗ್ಲಿಷ್ ಮಾಧ್ಯಮಕ್ಕೋ ಎಂದು ಕೇಳಿದ್ದೀರಿ.

ಖರ್ಚಿನ ಮಾತು ಸಣ್ಣದು. ಸರಕಾರಿ ಶಾಲೆಯಲ್ಲಿ 8ನೇ ತರಗತಿವರೆಗೆ ಶುಲ್ಕವಿಲ್ಲ, ಮಧ್ಯಾಹ್ನದ ಊಟವೂ ಉಂಟು. ಖಾಸಗಿಯಲ್ಲಿ ಫೀಸು, ಬಸ್ಸು ಎಲ್ಲ ನಿಮ್ಮದೇ.

ನನಗೆ ದೊಡ್ಡದು ಮಗುವಿನ ಮನಸ್ಸು. ಮನೆಯಲ್ಲಿ ತುಳುವೋ ಹವ್ಯಕವೋ ಆಡುವ ಮಗುವಿಗೂ ಕನ್ನಡ ಕಿವಿಗೆ ಬಿದ್ದ ಭಾಷೆ. ಟೀಚರ ಹತ್ತಿರ ಹೋಗಿ "ಹೊಟ್ಟೆನೋವು" ಎನ್ನಬಲ್ಲದು, ತಪ್ಪಾದರೂ ಕೈ ಎತ್ತುತ್ತದೆ. ಅರ್ಥವಾಗದ ಭಾಷೆಯಲ್ಲಿ ದಿನವಿಡೀ ಕೂತರೆ ಬಾಯಿಪಾಠ ಬರುತ್ತದೆ, ಪ್ರಶ್ನೆ ನಿಲ್ಲುತ್ತದೆ. ನನ್ನ ಮಗ ಒಂದು ವರ್ಷ ಹಾಗೆ ಮೌನಿಯಾಗಿದ್ದ. ಆ ಸಂಕಟ ಇನ್ನೂ ಮರೆತಿಲ್ಲ.

ಆದರೆ ಕನ್ನಡ ಬಾರದವರನ್ನು ಕನ್ನಡ ತರಗತಿಗೆ ನೇಮಿಸಿದ ದೂರುಗಳು ನಮ್ಮ ಜಿಲ್ಲೆಯಲ್ಲಿವೆ. ಹಾಗಿದ್ದಲ್ಲಿ ಈ ಲಾಭವೇ ಇಲ್ಲ. ಸೇರಿಸುವ ಮೊದಲು ಹೋಗಿ ಟೀಚರನ್ನು ಮಾತಾಡಿಸಿ.

ಎಸ್‌ಎಸ್‌ಎಲ್‌ಸಿಯನ್ನು ಕನ್ನಡದಲ್ಲೇ ಬರೆಯಬಹುದು. ಪ್ಲಸ್ ವನ್‌ನಲ್ಲಿ (11ನೇ ತರಗತಿ) ವಿಜ್ಞಾನ ತೆಗೆದುಕೊಂಡರೆ ಇಂಗ್ಲಿಷ್ ಪದಗಳ ಜತೆ ಕೆಲವು ತಿಂಗಳು ಗುದ್ದಾಟವಿದೆ. ಇಂಗ್ಲಿಷ್ ಮಾಧ್ಯಮದವರಿಗೆ ಅದು ಹಗುರ.

ನಿಮಗೆ ಊರೂರು ವರ್ಗವಾಗುವ ಕೆಲಸವಿದ್ದರೆ, ಮನೆಯಲ್ಲಿ ಇಂಗ್ಲಿಷ್ ಓದಿಸುವವರಿದ್ದರೆ ಪೇಟೆಯ ಶಾಲೆ ಸರಿ. ಊರಲ್ಲೇ ಇರುವಿರಿ, ಮಗಳು ನಾಚಿಕೆಯವಳು ಎಂದಾದರೆ, ನಡೆದು ಹೋಗುವ ದೂರದ ಕನ್ನಡ ಶಾಲೆ.