24 ಎಚ್‌ಪಿ ಟ್ರ್ಯಾಕ್ಟರಿಗೆ ಎಷ್ಟು ಇಂಚಿನ ಬಕೆಟ್? ಮೂರು ಮಳೆಗಾಲದ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಟ್ರ್ಯಾಕ್ಟರ್ ಹಿಂದೆ ಕೂರಿಸುವ, ಮಣ್ಣು ಅಗೆಯುವ ಯಂತ್ರಕ್ಕೆ ನಾನು ಮೊದಲು ಕೊಂಡಿದ್ದು 18 ಇಂಚು ಅಗಲದ ಬಕೆಟ್. ಅದು ತಪ್ಪು ಅಂತ ಗೊತ್ತಾಗುವಷ್ಟರಲ್ಲಿ ಒಂದು ಬೇಸಿಗೆ ಕಳೆದಿತ್ತು, ಎರಡು ಹೋಸ್ ಪೈಪ್ ಒಡೆದಿದ್ದವು, ಭಾವನ ಜೊತೆ ಸಣ್ಣದೊಂದು ಜಗಳವೂ ಆಗಿತ್ತು. ಈಗ ನನ್ನ ಹತ್ತಿರ ಮೂರು ಬಕೆಟ್ ಇವೆ. ಮೂರು ಮಳೆಗಾಲದಲ್ಲಿ ಮೂರನ್ನೂ ಬಳಸಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಸಾಗರ ತಾಲ್ಲೂಕು. ನಾಲ್ಕು ಎಕರೆ ಅಡಿಕೆ, ಮೇಲ್ಗಡೆ ಒಂದು ತುಂಡು ಖುಷ್ಕಿ. 24 ಎಚ್‌ಪಿ ಮಿನಿ ಟ್ರ್ಯಾಕ್ಟರ್ ಮೊದಲೇ ಇತ್ತು. ಅದರ ಹಿಂದೆ ಕೂರಿಸುವ ಈ ಅಗೆಯುವ ಯಂತ್ರ, ಅಂದರೆ ಬ್ಯಾಕ್‌ಹೋ ಆಮೇಲೆ ಬಂತು. ಊರಲ್ಲಿ ಯಾರೂ ಬ್ಯಾಕ್‌ಹೋ ಅನ್ನುವುದಿಲ್ಲ, ‘ಮರಿ ಜೆಸಿಬಿ’ ಅಂತಲೇ ಹೆಸರು. ಯಾವ ಕಂಪನಿಯದು ಅಂತ ಕೇಳಬೇಡಿ. ಇಲ್ಲಿ ಮಾತು ಕಂಪನಿಯದಲ್ಲ, ಬಕೆಟ್ಟಿನದು.

ದೊಡ್ಡ ಜೆಸಿಬಿ ಬಾಡಿಗೆಗೆ ಸಿಗುವಾಗ ಈ ಮರಿ ಯಾಕೆ ಅಂತ ಕೇಳುವವರಿದ್ದಾರೆ. ನಮ್ಮ ಅಡಿಕೆ ಸಾಲುಗಳ ನಡುವೆ 9 ಅಡಿ ಜಾಗ. ಅಜ್ಜನ ಕಾಲದ ತೋಟದಲ್ಲಿ ಅಷ್ಟೂ ಇಲ್ಲ. ಜೆಸಿಬಿ ಒಳಗೆ ಹೋಗಬೇಕೆಂದರೆ ನಾಲ್ಕಾರು ಮರ ಕಡಿಯಬೇಕು, ಆ ಜಾಗದಲ್ಲಿ ಮತ್ತೆ ಫಸಲು ನೋಡಲು ವರ್ಷಗಟ್ಟಲೆ ಕಾಯಬೇಕು. ಇನ್ನು ಆಳುಗಳ ಕಥೆ ನಿಮಗೂ ಗೊತ್ತು. ಬಸಿಗಾಲುವೆ ಬಿಡಿಸಿಕೊಡುತ್ತೇನೆ ಅಂದವರು ಬರುವಷ್ಟರಲ್ಲಿ ಮುಂಗಾರೇ ಬಂದಿರುತ್ತದೆ.

ಅಂಗಡಿಯಲ್ಲಿ “ಯಾವ ಬಕೆಟ್ ಹಾಕಲಿ ಸಾರ್? 9, 12, 18, 24 ಇದೆ” ಅಂದರು. ನಾನು ಒಂದು ನಿಮಿಷವೂ ಯೋಚಿಸಲಿಲ್ಲ. ದೊಡ್ಡದಾದಷ್ಟೂ ಕೆಲಸ ಬೇಗ ಮುಗಿಯುತ್ತದೆ ಅಲ್ವಾ? 24 ಸ್ವಲ್ಪ ಜಾಸ್ತಿಯಾಯಿತೇನೋ ಅಂತ 18 ಅಂದೆ. “ಒಳ್ಳೇದು ಸಾರ್” ಅಂದರು. 9 ಕೇಳಿದ್ದರೂ ಹಾಗೇ ಅನ್ನುತ್ತಿದ್ದರು ಅಂತ ಈಗ ಅನಿಸುತ್ತದೆ.

ಮೊದಲ ವಾರ ತೋಟದ ತಗ್ಗಿನಲ್ಲಿ ಓಡಿಸಿದೆ. ಅಲ್ಲಿನದು ಮೆತ್ತಗಿನ ಗೋಡು ಮಣ್ಣು. ಬಕೆಟ್ ತುಂಬಿ ತುಂಬಿ ಬಂತು, ಖುಷಿಯೋ ಖುಷಿ. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಆಮೇಲೆ ಖುಷ್ಕಿಗೆ ಹತ್ತಿಸಿದೆ. ಅಲ್ಲಿ ಒಂದು ಅಡಿ ಕೆಳಗೆ ಹೋದರೆ ಜಂಬಿಟ್ಟಿಗೆ, ಅಂದರೆ ಕೆಂಪು ಮುರಕಲ್ಲು.

ಆ ದಿನ ಚೆನ್ನಾಗಿ ನೆನಪಿದೆ. ಬಕೆಟ್ಟಿನ ನಾಲ್ಕು ಹಲ್ಲು ನೆಲಕ್ಕೆ ಊರಿ ಲಿವರ್ ಎಳೆದೆ. ಕಿರ್ರ್ ಅಂತ ರಿಲೀಫ್ ವಾಲ್ವ್, ಅಂದರೆ ಒತ್ತಡ ಮಿತಿ ಮೀರಿದಾಗ ಆಯಿಲನ್ನು ವಾಪಸ್ ಬಿಡುವ ವಾಲ್ವ್, ಕೂಗಿತು. ಅಲುಗಾಡದಂತೆ ನೆಲಕ್ಕೆ ಊರುವ ಹಿಂದಿನ ಎರಡು ಜಾಕ್ ಕಾಲು ಮಣ್ಣು ಗೀರಿಕೊಂಡು ಜಾರಿದವು. ಬಕೆಟ್ ಟ್ರ್ಯಾಕ್ಟರ್ ಕಡೆ ಬರಲಿಲ್ಲ, ಟ್ರ್ಯಾಕ್ಟರೇ ಬಕೆಟ್ ಕಡೆ ಹೋಯಿತು. ಧರೆ ದಿಬ್ಬದ ಮೇಲೆ ಕೂತು ನೋಡುತ್ತಿದ್ದ ಭಾವ, “ಭಾವ, ಗುಂಡಿ ತೆಗೀತಾ ಇದ್ದೀಯೋ, ಟ್ರ್ಯಾಕ್ಟರ್ ಎಳೀತಾ ಇದ್ದೀಯೋ?” ಅಂದ. ಜಗಳ ಶುರುವಾಗಿದ್ದೇ ಅಲ್ಲಿಂದ.

ಯಂತ್ರದ ತಪ್ಪಲ್ಲ ಅದು. ಆಯಿಲ್ ಒತ್ತಡದಿಂದ ತೋಳು ಎಳೆಯುವ ಸಿಲಿಂಡರ್ ಕೊಡುವ ಬಲ ಬಕೆಟ್ ಯಾವುದಾದರೂ ಒಂದೇ. ಸುಮ್ನೆ ಲೆಕ್ಕಕ್ಕೆ ಒಂದು ಟನ್ ಅಂತ ಇಟ್ಟುಕೊಳ್ಳಿ. 18 ಇಂಚಿನ ಬಾಯಿಗೆ ಹಂಚಿದರೆ ಇಂಚಿಗೆ ಬೀಳುವುದು ಸುಮಾರು 56 ಕೆಜಿ. 12 ಇಂಚಿಗೆ ಹಂಚಿದರೆ 83 ಕೆಜಿ. 9 ಇಂಚಿಗೆ 111. ಅಗಲ ಗುದ್ದಲಿಯಿಂದ ಕಲ್ಲು ನೆಲ ಅಗೆಯುವುದಕ್ಕೂ ಹಾರೆಯಿಂದ ಅಗೆಯುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿರುವುದು. ನನಗೆ ಹಾರೆ ಹಿಡಿದು ಗೊತ್ತು, ಆದರೂ ಬಕೆಟ್ ಆರಿಸುವಾಗ ಅದು ತಲೆಗೆ ಬರಲಿಲ್ಲ.

ಜಂಬಿಟ್ಟಿಗೆ ಬಗ್ಗೆ ಒಂದು ಮಾತು. ಕೇರಳದ ಅಂಗಾಡಿಪುರದಲ್ಲಿ ಜನ ಇದನ್ನು ಇಟ್ಟಿಗೆ ಥರ ಕತ್ತರಿಸಿ ಮನೆ ಕಟ್ಟುವುದನ್ನು ನೋಡಿ ಬ್ರಿಟಿಷರ ಕಾಲದ ಸರ್ವೇ ಅಧಿಕಾರಿ ಫ್ರಾನ್ಸಿಸ್ ಬುಕಾನನ್ ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟ. ಲ್ಯಾಟಿನ್‌ನಲ್ಲಿ ಲೇಟರ್ ಅಂದರೆ ಇಟ್ಟಿಗೆ. ಅದು 1807ರ ಮಾತು. ನಮ್ಮ ಹೆಸರಲ್ಲೂ ಇಟ್ಟಿಗೆ ಕೂತಿದೆ ನೋಡಿ. ಇದರ ಗುಣವೆಂದರೆ ನೆಲದೊಳಗೆ ಹಸಿಯಾಗಿದ್ದಾಗ ಮೆತ್ತಗೆ, ಗಾಳಿ ಬಿಸಿಲು ಬಿದ್ದ ಮೇಲೆ ಗಟ್ಟಿ. ಹಾಗಾಗಿ ಏಪ್ರಿಲ್ ಬಿಸಿಲಲ್ಲಿ ಅರ್ಧ ಅಗೆದು ‘ನಾಳೆ ನೋಡೋಣ’ ಅಂತ ಬಿಟ್ಟರೆ, ನಾಳೆ ಅದು ನಿಮ್ಮನ್ನು ನೋಡುತ್ತದೆ. ಒಂದೆರಡು ಮಳೆ ಬಿದ್ದು ನೆಲ ಹದವಾದಾಗ ಹಿಡಿದ ಕೆಲಸ ಹಿಡಿದಂತೆ ಮುಗಿಸಬೇಕು.

ಸೋಲೊಪ್ಪದೆ ನಾನು ಮತ್ತೂ ಹದಿನೈದು ದಿನ 18ರಲ್ಲೇ ಗುದ್ದಾಡಿದೆ. ರಿಲೀಫ್ ವಾಲ್ವ್ ಕೂಗುತ್ತಲೇ ಇದ್ದರೆ ಆಯಿಲ್ ಕೆಲಸ ಮಾಡದೆ ಸುತ್ತುತ್ತದೆ, ಆ ಶಕ್ತಿಯೆಲ್ಲ ಬಿಸಿಯಾಗುತ್ತದೆ. ಟ್ಯಾಂಕ್ ಮುಟ್ಟಲಾಗದಷ್ಟು ಕಾಯಿತು. ಆ ಬಿಸಿಗೆ ಹೋಸ್ ಪೈಪ್ ಒಂದಾದ ಮೇಲೆ ಒಂದು ಒಡೆಯಿತು. ಎರಡನೆಯದು ಒಡೆದಾಗ ಆಯಿಲ್ ನನ್ನ ಅಂಗಿ ಮೇಲೆ. ಕೈ ಮೇಲೆ ಬೀಳಲಿಲ್ಲ, ಪುಣ್ಯ. ಅವತ್ತಿಗೆ ಹಠ ಮುಗಿಯಿತು.

ಮಳೆ ಹಿಡಿದು ಮನೆಯಲ್ಲಿ ಕೂತಾಗ ಮಾಡಿದ ಲೆಕ್ಕ ನನ್ನ ಕಣ್ಣು ತೆರೆಸಿತು. 20 ಲೀಟರಿನ ಪೇಂಟ್ ಡಬ್ಬ ತಗೊಂಡು ಬಕೆಟ್ಟಿಗೆ ಮರಳು ತುಂಬಿ ಅಳೆದೆ. ನನ್ನ 18 ಇಂಚಿನದು ಮೂರು ಡಬ್ಬ ಹಿಡಿಯಿತು, ಅಂದರೆ 60 ಲೀಟರ್. ಪಕ್ಕದ ಊರಿನವರೊಬ್ಬರ ಹತ್ತಿರ 12 ಇಂಚಿನದು ಇತ್ತು. ಅದು ಎರಡು ಡಬ್ಬ, 40 ಲೀಟರ್. ಈಗ 100 ಅಡಿ ಉದ್ದ, 2 ಅಡಿ ಆಳದ ಕಾಲುವೆ ಹೊಡೆಯಬೇಕು ಅನ್ನಿ. 12 ಇಂಚಿನಲ್ಲಿ ಹೊಡೆದರೆ ತೆಗೆಯಬೇಕಾದ ಮಣ್ಣು 200 ಘನ ಅಡಿ. 18ರಲ್ಲಿ ಹೊಡೆದರೆ 300. ಅಗೆದ ಮಣ್ಣು ಸಡಿಲಾಗಿ ಕಾಲುಭಾಗ ಉಬ್ಬುತ್ತದೆ ಅಂತ ಹಿಡಿದರೂ, ಎರಡರಲ್ಲೂ ಬೇಕಾಗುವುದು 175ರ ಆಸುಪಾಸು ಬಕೆಟ್. ಹೌದು, ಎರಡೂ ಒಂದೇ! ಬಕೆಟ್ ದೊಡ್ಡದಾದಂತೆ ಕಾಲುವೆಯೂ ದೊಡ್ಡದಾಗುತ್ತದೆ. ಕೈ ಎಳೆಯುವ ಲೆಕ್ಕ ಒಂದೇ, ಪ್ರತಿ ಎಳೆತವೂ ಒಂದೂವರೆ ಪಟ್ಟು ಭಾರ. ಮೇಲೆ 100 ಘನ ಅಡಿ ಮಣ್ಣು ದಂಡವಾಗಿ ತೆಗೆದಿದ್ದಲ್ಲದೆ, ಪೈಪ್ ಹಾಕಿದ ಮೇಲೆ ಅದನ್ನೇ ವಾಪಸ್ ತುಂಬಬೇಕು. ತೋಟದೊಳಗಾದರೆ ಅಷ್ಟು ಮಣ್ಣನ್ನು ಮರದ ಬುಡಕ್ಕೆ ಬೀಳದಂತೆ ಎಲ್ಲಿ ಹಾಕುವುದು ಅನ್ನುವುದೇ ಒಂದು ತಲೆನೋವು.

ಅಗಲ ಬಕೆಟ್ಟಿನಿಂದ ಲಾಭ ಇರುವುದು ಬಕೆಟ್ ಯಾವುದಾದರೂ ತೆಗೆಯಬೇಕಾದ ಮಣ್ಣು ಅಷ್ಟೇ ಇದ್ದಾಗ. ಅಡಿಕೆ ಸಸಿಗೆ 3 ಅಡಿ ಉದ್ದ, ಅಗಲ, ಆಳದ ಗುಂಡಿ ಅಂದರೆ 27 ಘನ ಅಡಿ. ಉಬ್ಬುವುದನ್ನೂ ಸೇರಿಸಿದರೆ 12 ಇಂಚಿನದಕ್ಕೆ 24 ಬಕೆಟ್ ಬೇಕು, 18 ಇಂಚಿನದಕ್ಕೆ 16. ಮೆತ್ತಗಿನ ನೆಲದಲ್ಲಿ ಇದು ನಿಜವಾದ ಉಳಿತಾಯ. ಗುಂಡಿ ತೆಗೆಯುವುದೇ ಮುಖ್ಯ ಕೆಲಸ ಅನ್ನುವವರು, ಮಣ್ಣೂ ಒಳ್ಳೆಯದಿದ್ದರೆ, 18 ತಗೊಳ್ಳಬಹುದು. ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ಕಾಲುವೆ.

ಹಾಗಾಗಿ ಎರಡನೇ ವರ್ಷ 12 ಇಂಚಿನದು ಮಾಡಿಸಿದೆ. ಕಂಪನಿಯದು ತರಿಸುವ ಬದಲು ಪೇಟೆಯ ಲೇತ್ ಅಂಗಡಿಯಲ್ಲಿ 14 ಸಾವಿರಕ್ಕೆ. ಇಲ್ಲೊಂದು ಪಾಠ ಆಯಿತು. ಬಕೆಟ್ಟಿನ ಕಿವಿಯಲ್ಲಿ, ಅಂದರೆ ತೋಳಿಗೆ ಸಿಕ್ಕಿಸುವ ತಗಡುಗಳಲ್ಲಿ, ಎರಡು ಪಿನ್ ಕೂರುತ್ತವೆ. ಅವರು ಪಿನ್ನಿನ ದಪ್ಪ ಅಳೆದರು, ಕಿವಿಗಳ ನಡುವಿನ ಜಾಗ ಅಳೆದರು, ಎರಡು ಪಿನ್ನುಗಳ ನಡುವಿನ ಅಂತರವನ್ನು ಮಾತ್ರ ಟೇಪ್ ಹಿಡಿದು ಅಂದಾಜಿನಲ್ಲಿ ಬರೆದುಕೊಂಡರು. 10 ಮಿಲಿಮೀಟರ್ ವ್ಯತ್ಯಾಸವಾಯಿತು. ಬಕೆಟ್ ಕೂತಿತು, ಆದರೆ ಪೂರ್ತಿ ಬಾಯಿ ಬಿಡಲಿಲ್ಲ. ಮಣ್ಣು ತುಂಬಿ ಪಕ್ಕಕ್ಕೆ ತಿರುಗಿಸಿ ಸುರಿದರೆ ಅರ್ಧ ಮಣ್ಣು ಒಳಗೇ. ಕಿವಿ ಕತ್ತರಿಸಿ ಮತ್ತೆ ವೆಲ್ಡ್ ಮಾಡಿದ ಮೇಲೆ ಸರಿಯಾಯಿತು. ನೀವು ಮಾಡಿಸುವುದಾದರೆ ಹಳೆ ಬಕೆಟ್ಟನ್ನೇ ಅಂಗಡಿಗೆ ಹೊತ್ತುಕೊಂಡು ಹೋಗಿ, ಅದರ ಮೇಲೇ ತಗಡಿನ ಅಚ್ಚು ಕತ್ತರಿಸಿಸಿ. ಚೀಟಿಯಲ್ಲಿ ಬರೆದ ಅಳತೆ ನಂಬಬೇಡಿ, ನೀವೇ ಬರೆದಿದ್ದರೂ.

ಮಾಡಿಸುವಾಗ ಇನ್ನೂ ಎರಡು ವಿಷಯ ಗಮನದಲ್ಲಿರಲಿ. ಬಕೆಟ್ಟಿನ ಬಾಯಿ ಅಗಲ, ಹಿಂಬದಿ ಸ್ವಲ್ಪ ಕಿರಿದು ಇರಬೇಕು. ಇಲ್ಲದಿದ್ದರೆ ಜೇಡಿ ಮಣ್ಣು ಹಲಸಿನ ಮೇಣದ ಥರ ಅಂಟಿ ಕೂರುತ್ತದೆ. ಹಾಗೇ ಎರಡು ಬದಿಯ ಹಲ್ಲುಗಳು ಬಕೆಟ್ ಗೋಡೆಯಿಂದ ಅರ್ಧ ಇಂಚಾದರೂ ಆಚೆ ಚಾಚಿರಬೇಕು. ಆಗ ಕಾಲುವೆ ಬಕೆಟ್ಟಿಗಿಂತ ಒಂದಿಂಚು ಅಗಲ ಬರುತ್ತದೆ, ಬಕೆಟ್ ಕಾಲುವೆಯ ಬದಿಗೆ ಉಜ್ಜಿಕೊಂಡು ಸಿಕ್ಕಿಕೊಳ್ಳುವುದಿಲ್ಲ.

12 ಹಾಕಿಕೊಂಡು ಅದೇ ಖುಷ್ಕಿಗೆ ಹೋದೆ. ಭಾವನನ್ನೂ ಬೇಕಂತಲೇ ಕರೆದೆ. ಮೂರು ಹಲ್ಲು ಊರಿ ಎಳೆದರೆ ಮೊದಲು ಏನೂ ಆಗಲಿಲ್ಲ, ಆಮೇಲೆ ಕಟಕ್ ಅಂತ ಒಂದು ಹೆಂಟೆ ಎದ್ದಿತು. ಮತ್ತೆ ಎಳೆದೆ, ಮತ್ತೊಂದು. ಬೆಣ್ಣೆ ಕತ್ತರಿಸಿದ ಹಾಗೆ ಅಂತ ಖಂಡಿತ ಹೇಳುವುದಿಲ್ಲ. ಜಂಬಿಟ್ಟಿಗೆಯಲ್ಲಿ 24 ಎಚ್‌ಪಿ ಯಾವತ್ತೂ ನಿಧಾನವೇ. ಆದರೆ ಟ್ರ್ಯಾಕ್ಟರ್ ನಿಂತಲ್ಲೇ ನಿಂತಿತ್ತು. ಭಾವ ಏನೂ ಮಾತಾಡಲಿಲ್ಲ, ಕವಳ ಹಾಕಿಕೊಂಡ.

9 ಇಂಚಿನದು ಬಂದಿದ್ದು ಪೈಪ್‌ಲೈನಿಗಾಗಿ. ಟ್ಯಾಂಕಿನಿಂದ ತೋಟಕ್ಕೆ 63 ಮಿಲಿಮೀಟರಿನ ಪಿವಿಸಿ ಪೈಪ್ ಹೂಳಬೇಕಿತ್ತು. ಎರಡೂವರೆ ಇಂಚಿನ ಪೈಪಿಗೆ ಒಂದಡಿ ಅಗಲ ಯಾಕೆ ಅಂತ ಅನಿಸಿತು. ಕೆಲಸ ಚೆನ್ನಾಗೇ ಆಯಿತು, ಗಟ್ಟಿ ನೆಲಕ್ಕೆ ಇದರಷ್ಟು ಚೂಪಾದದ್ದು ಬೇರೆ ಇಲ್ಲ. ತೊಂದರೆ ಹಸಿ ಜೇಡಿಯಲ್ಲಿ. ತುಂಬಿದ ಮಣ್ಣು ಕೆಳಗೆ ಬೀಳುವುದೇ ಇಲ್ಲ. ಒಳಗೆ ಡೀಸೆಲ್ ಸವರಿ ನೋಡಿದೆ, ನಾಲ್ಕು ಬಕೆಟ್ ತನಕ ಪರವಾಗಿಲ್ಲ, ಆಮೇಲೆ ಮತ್ತೆ ಅದೇ ಕಥೆ. ಪ್ರತಿ ಸಲ ಸೀಟಿನಿಂದ ಇಳಿದು ಗುದ್ದಲಿಯಿಂದ ಕೆರೆಯಬೇಕು. ಇನ್ನೊಂದು, ಅಷ್ಟು ಕಿರಿದಾದ ಕಾಲುವೆಯಲ್ಲಿ ಇಳಿದು ಕೂತು ಕೆಲಸ ಮಾಡಲು ಆಗುವುದಿಲ್ಲ. ಪೈಪನ್ನು ಮೇಲೆಯೇ ಅಂಟಿಸಿ, ಒಣಗಿಸಿ, ನಿಧಾನಕ್ಕೆ ಒಳಗೆ ಇಳಿಸಬೇಕು. ವಾಲ್ವ್ ಬರುವ ಜಾಗದಲ್ಲಿ ಹೇಗೂ ಅಗಲ ಮಾಡಲೇಬೇಕು. ಒಟ್ಟು ವರ್ಷಕ್ಕೆ ನಾಲ್ಕು ದಿನದ ಕೆಲಸ ಅದಕ್ಕೆ. ಪಕ್ಕದ ತೋಟದವರ ಜೊತೆ ಸೇರಿ ಮಾಡಿಸಿದ್ದರೆ ಸಾಕಿತ್ತು.

ಭಾರದ ವಿಷಯ ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಒದ್ದೆ ಮಣ್ಣು ಲೀಟರಿಗೆ ಹತ್ತಿರ ಹತ್ತಿರ 1.8 ಕೆಜಿ ತೂಗುತ್ತದೆ. 60 ಲೀಟರಿನ ಬಕೆಟ್ ತುಂಬಿದರೆ ಮಣ್ಣೇ 108 ಕೆಜಿ, ಕಬ್ಬಿಣದ ತೂಕ ಬೇರೆ. ಅದನ್ನು ತೋಳು ಪೂರ್ತಿ ಚಾಚಿ ಇಳಿಜಾರಿನ ಕಡೆಗೆ ತಿರುಗಿಸಿದರೆ ಆಚೆ ಬದಿಯ ಜಾಕ್ ಕಾಲು ನೆಲ ಬಿಡುತ್ತದೆ. ನನಗೆ ಒಮ್ಮೆ ಆಗಿದೆ. ಒಂದು ಗೇಣು ಎದ್ದಿತ್ತಷ್ಟೇ, ಆದರೂ ಆ ಒಂದು ಗೇಣು ಸಾಕು ಬೆವರಲು. ಈಗ ಮಣ್ಣನ್ನು ಯಾವಾಗಲೂ ಮೇಲಿನ ಬದಿಗೇ ಹಾಕುತ್ತೇನೆ, ತೋಳು ಮಡಚಿಕೊಂಡೇ ತಿರುಗಿಸುತ್ತೇನೆ. ಮುಂದೆ ಬಂಪರಿಗೆ ವೇಟ್ ಹಾಕದೆ ಬ್ಯಾಕ್‌ಹೋ ಹೊತ್ತು ರಸ್ತೆಗೆ ಇಳಿಯುವುದಿಲ್ಲ, ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಸ್ಟಿಯರಿಂಗ್ ಕೇಳುವುದಿಲ್ಲ.

ಕೊಳ್ಳುವಾಗಲೇ ನೋಡಬೇಕಾದ್ದು ಇನ್ನೊಂದಿದೆ. ಬ್ಯಾಕ್‌ಹೋ ಬರೀ ನೇಗಿಲು ಕಟ್ಟುವ ಹಿಂದಿನ ಮೂರು ಲಿಂಕಿಗೆ ನೇತಾಡಿದ್ದರೆ ಬೇಡ. ಟ್ರ್ಯಾಕ್ಟರಿನ ಹೊಟ್ಟೆ ಕೆಳಗಿನಿಂದ ಹಾದುಹೋಗುವ ಕಬ್ಬಿಣದ ಚೌಕಟ್ಟು, ಅಂದರೆ ಸಬ್‌ಫ್ರೇಮ್ ಇರುವುದನ್ನೇ ತಗೊಳ್ಳಿ. ಬರೀ ಲಿಂಕಿಗೆ ಕಟ್ಟಿದರೆ ಅಗೆಯುವ ಒತ್ತಡವೆಲ್ಲ ಟ್ರ್ಯಾಕ್ಟರಿನ ಗೇರ್ ಬಾಕ್ಸ್ ಹೌಸಿಂಗ್ ಮೇಲೆ ಬೀಳುತ್ತದೆ. ಅಗಲ ಬಕೆಟ್ ಹಾಕಿ ಜಗ್ಗಿದರೆ ಇನ್ನೂ ಕೆಟ್ಟದ್ದು. ಹೌಸಿಂಗ್ ಬಿರುಕು ಬಿಟ್ಟರೆ ಟ್ರ್ಯಾಕ್ಟರ್ ಅರ್ಧಕ್ಕೆ ಬಿಚ್ಚಬೇಕು.

ಈಗ ಯಾರಾದರೂ ಕೇಳಿದರೆ ಹೇಳುವುದು ಇಷ್ಟೇ. ಇಷ್ಟು ಎಚ್‌ಪಿಯ ಟ್ರ್ಯಾಕ್ಟರಿಗೆ, ಮಲೆನಾಡಿನ ಮಣ್ಣಿಗೆ, ಯಂತ್ರದ ಜೊತೆಗೇ 12 ಇಂಚಿನದು ತಗೊಳ್ಳಿ. ಒಂದೇ ಬಕೆಟ್ಟಿಗೆ ದುಡ್ಡು ಇದ್ದರೂ ಅದೇ. 24 ಇಂಚಿನದನ್ನು ಈ ಗಾತ್ರದ ಯಂತ್ರಕ್ಕೆ ಯಾಕೆ ಮಾರುತ್ತಾರೋ ನನಗೆ ಅರ್ಥವಾಗಿಲ್ಲ. ಮರಳಿನಂಥ ನೆಲ ಇರುವವರಿಗೆ ಆಗಬಹುದೇನೋ.

18 ಏನಾಯಿತು ಅಂತ ಕೇಳುತ್ತೀರಿ. ಮಾರಲು ನೋಡಿದೆ, ಯಾರೂ ಕೊಳ್ಳಲಿಲ್ಲ. ಹೋದ ವರ್ಷ ಅದರ ನಾಲ್ಕೂ ಹಲ್ಲು ಗ್ಯಾಸ್ ಕಟರಿನಲ್ಲಿ ತೆಗೆಸಿ, ಬಾಯಿಗೆ ಉದ್ದಕ್ಕೂ ಒಂದು ಚಪ್ಪಟೆ ಪಟ್ಟಿ ವೆಲ್ಡ್ ಮಾಡಿಸಿದೆ. ತಳದಲ್ಲಿ ನೀರು ಸೋರಲು ಆರು ತೂತು. ಮೇ ತಿಂಗಳಲ್ಲಿ ಬಸಿಗಾಲುವೆಯ ಹೂಳು ಬಾಚಲು ಅದನ್ನೇ ಹಾಕುತ್ತೇನೆ. ಹಲ್ಲಿಲ್ಲದ ಕಾರಣ ಕಾಲುವೆಯ ತಳ ನುಣ್ಣಗೆ ಬರುತ್ತದೆ, ನೀರು ನಿಲ್ಲದೆ ಓಡುತ್ತದೆ, ಅಡ್ಡ ಬಂದ ಹಳೆ ಪೈಪೂ ಒಡೆಯುವುದಿಲ್ಲ. ತೆಗೆದ ಹೂಳು ಪಕ್ಕದ ಮರಗಳ ಬುಡಕ್ಕೇ ಹೋಗುತ್ತದೆ. ಈ ಸಲ ನಮ್ಮದು ಮುಗಿಯುತ್ತಿದ್ದಂತೆ ಭಾವ ಅದನ್ನು ತನ್ನ ತೋಟಕ್ಕೆ ಒಯ್ದ. ಇನ್ನೂ ವಾಪಸ್ ತಂದುಕೊಟ್ಟಿಲ್ಲ.