ಕುಶನ್ ಅಂಗಡಿಯಲ್ಲಿ ಬೈಕ್ ಸೀಟು ಮಾಡಿಸುವುದು: ಏನು ಕೇಳಬೇಕು, ಎಲ್ಲಿ ಕೆಡುತ್ತದೆ

ಮಂಗಳೂರು, ಉಡುಪಿಯ ಕುಶನ್ ಅಂಗಡಿಗಳಲ್ಲಿ ರಿಕ್ಷಾದ ಹುಡ್, ಕಾರಿನ ಕವರ್, ಸೋಫಾ ಕೆಲಸದ ಜೊತೆಗೇ ಬೈಕಿನ ಸೀಟನ್ನೂ ಬಿಚ್ಚಿ ಹೊಸದಾಗಿ ಕಟ್ಟಿಕೊಡುತ್ತಾರೆ. ದೂರ ಓಡಿಸುವವರಿಗೆ ಇಷ್ಟು ಉಪಯೋಗಕ್ಕೆ ಬರುವ ಖರ್ಚು ಬೇರೊಂದಿಲ್ಲ. ಆದರೆ "ಸ್ವಲ್ಪ ಸಾಫ್ಟ್ ಮಾಡಿ ಕೊಡಿ" ಎಂದಷ್ಟೇ ಹೇಳಿ ಸೀಟು ಬಿಟ್ಟು ಬಂದರೆ ದುಡ್ಡು ದಂಡ. ಮೆತ್ತಗಿನ ಸೀಟು ಅಂಗಡಿಯೆದುರು ಕೂತು ನೋಡುವಾಗ ಹಿತವಾಗಿಯೇ ಇರುತ್ತದೆ. ಮೂಲ್ಕಿ ದಾಟುವಷ್ಟರಲ್ಲಿ ಫೋಮ್ ಪೂರ್ತಿ ಅದುಮಿ, ಎಲುಬು ಅಡಿಯ ಪ್ಲಾಸ್ಟಿಕ್ ಬೇಸ್‌ಗೆ ತಾಗಲು ಶುರುವಾಗುತ್ತದೆ. ಕೇಳಬೇಕಾದ್ದು ಮೂರು: ಸರಿಯಾದ ಆಕಾರ, ಸಾಕಷ್ಟು ಗಟ್ಟಿತನ, ನೀರಿಳಿಯದ ಹೊಲಿಗೆ.

ಅಂಗಡಿಗೆ ಹೋಗುವ ಮೊದಲು ನೋವು ನಿಜಕ್ಕೂ ಸೀಟಿನದ್ದೇ ಎಂದು ಖಾತ್ರಿ ಮಾಡಿಕೊಳ್ಳಿ. ಮಣಿಕಟ್ಟು ಜೋಮು ಹಿಡಿಯುತ್ತಿದ್ದರೆ ಕ್ಲಚ್ ಮತ್ತು ಬ್ರೇಕ್ ಲಿವರ್ ತೀರಾ ಮೇಲಕ್ಕಿರಬಹುದು. ಕೂತು ಬೆರಳು ಚಾಚಿದಾಗ ಮೊಣಕೈ, ಮಣಿಕಟ್ಟು, ಬೆರಳು ಒಂದೇ ಗೆರೆಯಲ್ಲಿ ಬರುವಂತೆ ಲಿವರಿನ ಕ್ಲ್ಯಾಂಪ್ ಸಡಿಲಿಸಿ ತಿರುಗಿಸಿ. ಎಡ ಮೊಣಕಾಲು ಮಾತ್ರ ನೋಯುತ್ತಿದ್ದರೆ ಗೇರ್ ಲಿವರಿನ ರಾಡ್ ನೋಡಿ. ಎರಡೂ ತುದಿಯ ಲಾಕ್‌ನಟ್ ಸಡಿಲಿಸಿ ರಾಡ್ ತಿರುಗಿಸಿದರೆ ಲಿವರ್ ಏರುತ್ತದೆ, ಇಳಿಯುತ್ತದೆ. ಬ್ರೇಕ್ ಪೆಡಲಿನ ಎತ್ತರ ಬದಲಿಸಿದರೆ ಪೆಡಲಿನ ಫ್ರೀ ಪ್ಲೇ, ಅಂದರೆ ಬ್ರೇಕ್ ಹಿಡಿಯುವ ಮೊದಲಿನ ಸಡಿಲ ಚಲನೆ, ಉಂಟೇ, ಹಿಂದಿನ ಬ್ರೇಕ್ ಲೈಟ್ ಸರಿಯಾಗಿ ಹತ್ತಿ ಆರುತ್ತದೆಯೇ ಎಂದು ತಪ್ಪದೆ ನೋಡಬೇಕು. ಹ್ಯಾಂಡಲ್ ಎತ್ತರಿಸುವ ರೈಸರ್ ಹಾಕಿಸಿದವರು ಎಂಜಿನ್ ಚಾಲೂ ಇಟ್ಟು ಎರಡೂ ಬದಿಗೆ ಪೂರ್ತಿ ತಿರುಗಿಸಬೇಕು. ಆಗ ಆಕ್ಸಿಲರೇಟರ್ ಕೊಡದೆಯೇ ಎಂಜಿನ್ನಿನ ವೇಗ (ಐಡಲ್) ಏರಿದರೆ ಆಕ್ಸಿಲರೇಟರ್ ಕೇಬಲ್ ಗಿಡ್ಡವಾಗಿದೆ ಎಂದರ್ಥ, ಹಾಗೇ ಓಡಿಸಬಾರದು.

ಹೆಚ್ಚಿನವರು ಹೇಳುವ ದೂರು "ಬ್ರೇಕ್ ಹಿಡಿದಾಗಲೆಲ್ಲ ಮುಂದೆ ಜಾರಿ ಟ್ಯಾಂಕಿಗೆ ಒತ್ತುತ್ತೇನೆ" ಎಂಬುದು. ಇದಕ್ಕೆ ಕೆಲವೊಮ್ಮೆ ಹಿಂದಿನ ಶಾಕ್ ಅಬ್ಸಾರ್ಬರ್ ಕಾರಣ. ಇಬ್ಬರು ಕೂರಲೆಂದು ಪ್ರಿಲೋಡ್, ಅಂದರೆ ಶಾಕಿನ ಸ್ಪ್ರಿಂಗಿನ ಬಿಗಿ, ಗಟ್ಟಿ ಮಾಡಿಟ್ಟು ಒಬ್ಬರೇ ಓಡಿಸಿದರೆ ಗಾಡಿಯ ಹಿಂಭಾಗ ಎತ್ತರಕ್ಕೆ ನಿಂತು ಇಡೀ ಸೀಟು ಮುಂದಕ್ಕೆ ವಾಲುತ್ತದೆ. ಸಿ ಸ್ಪ್ಯಾನರಿನಲ್ಲಿ (ಕೊಕ್ಕೆಯಾಕಾರದ ಪಾನದಲ್ಲಿ) ಎರಡೂ ಕಡೆಯ ಶಾಕನ್ನು ಒಂದೊಂದೇ ಮೆಟ್ಟಿಲು ಸಮನಾಗಿ ಇಳಿಸಿ ನೋಡಿ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರಲ್ಲಿ ಇಂಥ 6 ಮೆಟ್ಟಿಲುಗಳಿವೆ. ಇದಕ್ಕೆ ಖರ್ಚಿಲ್ಲ, ಹತ್ತು ನಿಮಿಷ ಸಾಕು. ಇಷ್ಟಾದ ಮೇಲೂ ಜಾರುವುದು ನಿಲ್ಲದಿದ್ದರೆ ಮಾತ್ರ ಫೋಮಿಗೆ ಕೈ ಹಾಕಿಸಿ.

ಕೂರುವಾಗ ಭಾರ ಬೀಳಬೇಕಾದ್ದು ಅಡಿಯ ಎರಡು ಎಲುಬುಗಳ ಮೇಲೆ. ಅವುಗಳ ನಡುವಿನ ಅಂತರ ಸಾಮಾನ್ಯವಾಗಿ 10ರಿಂದ 15 ಸೆಂ.ಮೀ. ನಿಮ್ಮದೆಷ್ಟು ಎಂದು ತಿಳಿಯಲು ಗಟ್ಟಿ ಬೆಂಚಿನ ಮೇಲೆ ಪೆಟ್ಟಿಗೆಯ ಸುಕ್ಕು ರಟ್ಟು ಹಾಸಿ, ಮೊಣಕಾಲು ಸ್ವಲ್ಪ ಎತ್ತಿ ಒಂದು ನಿಮಿಷ ಕೂತೇಳಿ. ರಟ್ಟಿನಲ್ಲಿ ಎರಡು ಗುಳಿ ಬೀಳುತ್ತವೆ. ಗುಳಿಯಿಂದ ಗುಳಿಗೆ ಅಳೆದು ಆ ರಟ್ಟನ್ನೇ ಅಂಗಡಿಗೆ ಒಯ್ಯಿರಿ. ಸೀಟಿನ ಹಿಂಭಾಗದ ಸಪಾಟು ಜಾಗ ಆ ಅಳತೆಗಿಂತ ಎರಡೂ ಬದಿಗೆ ಕಡಿಮೆಯೆಂದರೂ 3 ಸೆಂ.ಮೀ. ಹೆಚ್ಚು ಇರಲಿ. ಸೀಟಿನ ಮೇಲ್ಮೈ ನಡುವೆ ಉಬ್ಬಿ ಬದಿಗಳಿಗೆ ಇಳಿದಿದ್ದರೆ ಎಲುಬುಗಳು ಇಳಿಜಾರಿನಲ್ಲಿ ಕೂತು ಭಾರವೆಲ್ಲ ನಡುವಿನ ಮೃದು ಭಾಗಕ್ಕೆ ಬೀಳುತ್ತದೆ. ಜೋಮು ಬರುವುದು ಅಲ್ಲಿಂದ. ದಪ್ಪ ಫೋಮ್ ಹಾಕಿಸಿದರೆ ಇದು ಸರಿಯಾಗುವುದಿಲ್ಲ, ಆಕಾರವೇ ಬದಲಾಗಬೇಕು.

ಮುಂಭಾಗದ ಲೆಕ್ಕ ಬೇರೆ. ತೊಡೆ ಬರುವ ಕಡೆ ಸೀಟು ಕಿರಿದಾಗಿಯೇ ಇರಬೇಕು, ಅಂಚು ಗುಂಡಗಿರಬೇಕು. ಅಲ್ಲಿ ಅಗಲ ಹೆಚ್ಚಾದರೆ ಕಾಲು ಹೊರಕ್ಕೆ ಚಾಚಿ, ಸೀಟು ಏರಿಸಿದ ಹಾಗೆಯೇ ನೆಲ ಎಟುಕದು. ನಂತೂರು, ಪಂಪ್‌ವೆಲ್ ಸರ್ಕಲಿನ ಟ್ರಾಫಿಕ್ಕಿನಲ್ಲಿ ಪ್ರತಿ ಹತ್ತು ಮಾರಿಗೆ ಕಾಲೂರುವವರಿಗೆ ಇದು ದೊಡ್ಡ ತೊಂದರೆ.

ಒಳ್ಳೆಯ ಕೆಲಸಗಾರ ಮಾಡುವ ಕ್ರಮ ಹೀಗೆ. ಬೇಸಿನ ಪಿನ್ ಕಿತ್ತು ಹೊದಿಕೆ ತೆಗೆಯುತ್ತಾರೆ. ನಿಮ್ಮನ್ನು ಗಾಡಿಯ ಮೇಲೆ ಕೂರಿಸಿ ಬರಿ ಫೋಮಿನ ಮೇಲೆ ಎಲುಬಿನ ಜಾಗ, ತೊಡೆಯ ಅಂಚು ಗುರುತು ಹಾಕುತ್ತಾರೆ. ಮುಂದಿನ ಇಳಿಜಾರಿಗೆ ಸುಮಾರು 15–20 ಮಿ.ಮೀ. ಬೆಣೆ ಕೊಟ್ಟು, ಹಿಂದೆ 10 ಮಿ.ಮೀ. ತೆಗೆದು ಮಟ್ಟ ಮಾಡುತ್ತಾರೆ. ಭಾರ ಹೊರುವ ಜಾಗಕ್ಕೆ ರೀಬಾಂಡೆಡ್ ಫೋಮ್, ಅಂದರೆ ಚೂರುಗಳನ್ನು ಒತ್ತಿ ಕಟ್ಟಿದ ಬಣ್ಣಬಣ್ಣದ ಗಟ್ಟಿ ಫೋಮ್, 80ರಿಂದ 100 ಡೆನ್ಸಿಟಿಯದ್ದು (ಒಂದು ಘನ ಮೀಟರ್ ಫೋಮಿನ ತೂಕ ಕಿಲೋದಲ್ಲಿ). ಅದರ ಮೇಲೆ 40 ಡೆನ್ಸಿಟಿಯ 10–12 ಮಿ.ಮೀ. ಪದರ. ಅಂಚುಗಳನ್ನು ಗ್ರೈಂಡರಿಗೆ ಸ್ಯಾಂಡಿಂಗ್ ಡಿಸ್ಕ್ ಹಾಕಿ ಸವರಿ, ಬೆರಳಿಗೆ ಜೋಡಣೆ ತಾಗದಂತೆ ಮಾಡಬೇಕು.

ಗಮ್ಮಿನ ವಿಷಯಕ್ಕೆ ನಮ್ಮೂರಿನಲ್ಲಿ ವಿಶೇಷ ಗಮನ ಬೇಕು. ರಬ್ಬರ್ ಗಮ್ಮನ್ನು ಎರಡೂ ಮೈಗೆ ತೆಳುವಾಗಿ ಬಳಿದು, ಮುಟ್ಟಿದರೆ ಬೆರಳಿಗಂಟದಷ್ಟು ಒಣಗಿಸಿ ಆಮೇಲೆ ಒತ್ತಬೇಕು. ಬೇಸಿಗೆಯಲ್ಲಿ ಹತ್ತು ಹದಿನೈದು ನಿಮಿಷ ಸಾಕಾದರೆ, ಜುಲೈಯ ತೇವದಲ್ಲಿ ಅದಕ್ಕಿಂತ ಹೆಚ್ಚು ಕಾಯಬೇಕಾಗುತ್ತದೆ. ಅವಸರದಲ್ಲಿ ಅಂಟಿಸಿದ ಪದರ ಎರಡು ತಿಂಗಳಲ್ಲಿ ಬಿಟ್ಟು ಒಳಗೇ ಸರಿದಾಡುತ್ತದೆ. ದಪ್ಪಗೆ ಬಳಿದರೆ ಒಣಗಿ ಗಟ್ಟಿ ಗೆರೆಯಾಗಿ ತೊಡೆಗೆ ಚುಚ್ಚುತ್ತದೆ.

ಇಲ್ಲಿ ಒಂದು ಹಠ ಹಿಡಿಯಲೇಬೇಕು: ಹೊದಿಕೆಗೆ ಪಿನ್ ಹೊಡೆಯುವ ಮೊದಲು ಬರಿ ಫೋಮಿನ ಸೀಟನ್ನು ಗಾಡಿಗೆ ಕೂರಿಸಿ, ಎರಡೂ ಕಾಲು ಫುಟ್‌ರೆಸ್ಟ್ ಮೇಲಿಟ್ಟು ಕಾಲು ಗಂಟೆ ಕೂತು ನೋಡಬೇಕು. ಈ ಹಂತದಲ್ಲಿ ತಪ್ಪಿದ್ದನ್ನು ಐದು ನಿಮಿಷದಲ್ಲಿ ತಿದ್ದಬಹುದು, ಪಿನ್ ಬಿದ್ದ ಮೇಲೆ ಎಲ್ಲ ಹೊಸದಾಗಿ ಬಿಚ್ಚಬೇಕು. ಇದಕ್ಕೆ ಒಪ್ಪದ ಅಂಗಡಿಗೆ ಕೆಲಸ ಕೊಡಬೇಡಿ.

ಜೆಲ್ ಹಾಕಿಸುವ ಬಗ್ಗೆ ಬಹಳ ಜನ ಕೇಳುತ್ತಾರೆ. ಜೆಲ್ ಭಾರವನ್ನು ಹರಡುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದು. ಆದರೆ ಫೋಮಿನಲ್ಲಿ ಅದರ ದಪ್ಪಕ್ಕೇ ಗುಳಿ ಕೊರೆದು ಕೂರಿಸಬೇಕು, ಸುಮ್ಮನೆ ಮೇಲಿಟ್ಟರೆ ಅಂಚು ತಾಗುತ್ತದೆ. ಮಲ್ಪೆ, ಪಣಂಬೂರಿನಲ್ಲಿ ಮಧ್ಯಾಹ್ನ ಬಿಸಿಲಿಗೆ ನಿಲ್ಲಿಸಿದ ಕಪ್ಪು ಸೀಟಿನಲ್ಲಿ ಜೆಲ್ ಹಿಡಿದಿಟ್ಟ ಶಾಖ ಬೇಗ ಆರುವುದೂ ಇಲ್ಲ. ಮೆಮೊರಿ ಫೋಮ್ ಬಿಸಿಗೆ ಇನ್ನಷ್ಟು ಮೆತ್ತಗಾಗುತ್ತದೆ, ಕರಾವಳಿಗೆ ಅದು ಬೇಡವೇ ಬೇಡ.

ಇನ್ನು ಮಳೆ. ಸೀಟಿನ ಮೇಲ್ಮೈಯಲ್ಲಿ ಅಲಂಕಾರಕ್ಕೆ ಹಾಕುವ ಚೌಕುಳಿ ಹೊಲಿಗೆ ನೋಡಲು ಚಂದ. ಆದರೆ ಪ್ರತಿ ಸೂಜಿ ತೂತೂ ನೀರಿಗೆ ಬಾಗಿಲು. ಕೂತಾಗ ಫೋಮ್ ಒತ್ತಿ ಗಾಳಿ ಹೊರಡುತ್ತದೆ, ಎದ್ದಾಗ ಅದೇ ಫೋಮ್ ಉಬ್ಬುತ್ತಾ ಮೇಲೆ ನಿಂತ ನೀರನ್ನು ತೂತಿನಿಂದ ಒಳಗೆಳೆಯುತ್ತದೆ. ಮಳೆ ಬಿಟ್ಟು ಎರಡು ದಿನವಾದರೂ ಕೂತ ಕೂಡಲೇ ಪ್ಯಾಂಟು ಒದ್ದೆಯಾಗುವುದು ಇದರಿಂದ. ಹೊಲಿಗೆ ಬದಿಗಳಲ್ಲಿ ಮಾತ್ರ ಇರಲಿ, ಒಳಗಡೆಯಿಂದ ಹೊಲಿಗೆ ಮುಚ್ಚುವ ಸೀಮ್ ಟೇಪ್ ಹಾಕಿಸಿ. ಫೋಮ್ ಮತ್ತು ರೆಕ್ಸಿನ್ ನಡುವೆ ತೆಳು ಪಾಲಿಥಿನ್ ಹಾಳೆ ಕೇಳಿ ಹಾಕಿಸಿ. ಪಿನ್ ಸ್ಟೇನ್‌ಲೆಸ್ ಆಗಿರಲಿ, ಮಾಮೂಲಿ ಪಿನ್ ಉಪ್ಪುಗಾಳಿಗೆ ತುಕ್ಕು ಹಿಡಿದು ಮುರಿಯುತ್ತದೆ. ಪಿನ್ನಿನ ಉದ್ದ ಬೇಸಿನ ದಪ್ಪ ಮೀರಬಾರದು, ಮೀರಿದರೆ ಮೊನೆ ಒಳಗಿನಿಂದ ಪಾಲಿಥಿನ್ನನ್ನೇ ಹರಿಯುತ್ತದೆ.

ರೆಕ್ಸಿನ್ ಎಳೆತ ಬರುವ ಬಗೆಯದ್ದಾಗಿರಲಿ. ಎಳೆತವಿಲ್ಲದ್ದನ್ನು ಬಿಗಿದು ಹೊಡೆದರೆ ಕಷ್ಟಪಟ್ಟು ಮಾಡಿದ ತಗ್ಗಿನ ಮೇಲೆ ಡೋಲಿನ ಚರ್ಮದ ಹಾಗೆ ನಿಂತು, ಒಳಗಿನ ಆಕಾರ ಇದ್ದೂ ಇಲ್ಲದಂತಾಗುತ್ತದೆ.

ಎತ್ತರದ ಮಾತು. ಮೀಟಿಯರ್ 350ರ ಸೀಟು 765 ಮಿ.ಮೀ., ಕ್ಲಾಸಿಕ್ 350ರದ್ದು 805. ಹಿಮಾಲಯನ್ 450ರ ಸೀಟು 825ರಲ್ಲಿದ್ದು, ಅದನ್ನೇ 845ಕ್ಕೂ ಕೂರಿಸಬಹುದು. ಮೊಣಕಾಲು ಮಡಚಿ ನೋಯುತ್ತಿದೆ ಎನ್ನುವ ಹಿಮಾಲಯನ್ ಸವಾರರು ಮೊದಲು 845ರಲ್ಲಿ ಒಂದು ವಾರ ಓಡಿಸಿ ನೋಡಲಿ. ಉಳಿದ ಗಾಡಿಗಳಲ್ಲಿ 20 ಮಿ.ಮೀ. ಏರಿಸಿದರೂ ಮೊಣಕಾಲಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಆದರೆ ಹಿಂದೆ ಸೀರೆಯಲ್ಲಿ ಒಂದೇ ಬದಿಗೆ ಕಾಲಿಟ್ಟು ಕೂರುವವರಿದ್ದರೆ ಅವರ ಸೀಟನ್ನೂ ಸಪಾಟು ಮಾಡಿಸಿ, ಬದಿಯ ಅಂಚು ಗುಂಡಗೆ ಸವರಿಸಿ. ಅವರ ಪೂರ್ತಿ ಭಾರ ಆ ಅಂಚಿನ ಮೇಲೆಯೇ.

ಸೀಟು ಕತ್ತರಿಸಲು ಮನಸ್ಸಿಲ್ಲದವರಿಗೆ ಪಟ್ಟಿ ಕಟ್ಟುವ ಗಾಳಿ ಕುಶನ್ ಉಂಟು. ಹೆದ್ದಾರಿಯ ನೇರ ಓಟಕ್ಕೆ, ಉಡುಪಿಯಿಂದ ಕುಂದಾಪುರ, ಬೈಂದೂರಿನ ಕಡೆಗೆ, ಚೆನ್ನಾಗಿಯೇ ಇದೆ. ಅದರಲ್ಲಿ ಎಲ್ಲರೂ ಮಾಡುವ ತಪ್ಪು ಗಾಳಿ ಜಾಸ್ತಿ ತುಂಬುವುದು. ಪೂರ್ತಿ ತುಂಬಿಸಿ, ಮೇಲೆ ಕೂತು, ವಾಲ್ವ್ ಬಿಡುತ್ತಾ ಬನ್ನಿ. ಎಲುಬು ಸೀಟಿಗೆ ತಾಗಲು ಒಂದೆರಡು ಸೆಂ.ಮೀ. ಇರುವಾಗ ಮುಚ್ಚಿ. ಹೆಚ್ಚು ಗಾಳಿಯಿದ್ದರೆ ಆಗುಂಬೆಯ 14 ಹೇರ್‌ಪಿನ್‌ಗಳಲ್ಲಿ ಮೈ ಚೆಂಡಿನ ಮೇಲಿದ್ದ ಹಾಗೆ ಓಲಾಡಿ ಗಾಡಿಯ ಮೇಲಿನ ಹಿಡಿತವೇ ತಪ್ಪುತ್ತದೆ. ಘಾಟಿ ಹತ್ತುವ ಮೊದಲು, ಸೋಮೇಶ್ವರದಲ್ಲೇ ಅದನ್ನು ಬಿಚ್ಚಿ ಬ್ಯಾಗಿಗೆ ಹಾಕುವುದು ಕ್ಷೇಮ.

ದರ ಮಾತಾಡುವಾಗ ಫೋಮ್, ರೆಕ್ಸಿನ್, ಮಜೂರಿ ಬೇರೆ ಬೇರೆ ಕೇಳಿ, ಒಂದು ತಿಂಗಳೊಳಗೆ ಉಚಿತವಾಗಿ ತಿದ್ದಿಕೊಡುವ ಮಾತನ್ನೂ ಆಗಲೇ ಆಡಿಕೊಳ್ಳಿ. ಹೊಸ ಫೋಮ್ ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಸ್ವಲ್ಪ ಕೂರುತ್ತದೆ, ಆದ್ದರಿಂದ ಮೊದಲ ದಿನ ತುಸು ಗಟ್ಟಿ ಅನಿಸಿದರೆ ಅದೇ ಸರಿಯಾದ ಅಳತೆ. ಕಿತ್ತ ಹಳೆಯ ಹೊದಿಕೆಯನ್ನೂ ಕೇಳಿ ಮನೆಗೆ ತನ್ನಿ, ಮುಂದೆ ಇನ್ನೊಮ್ಮೆ ಹೊಲಿಸುವಾಗ ಅಳತೆಗೆ ಅದೇ ಬೇಕಾಗುತ್ತದೆ.